ಎಂಬತ್ತು ಮೂಟೆ ಕಾಫಿಗೆ ಅಪ್ಪ ಹಾಕಿದ ಬೇವು

ನಮ್ಮ ಹಸಿರು ಕಾಫಿ ಬೀಜದಲ್ಲಿ ಹುಳ ಇಲ್ಲ ಎಂದು ಸರ್ಕಾರದಿಂದ ಒಂದು ಕಾಗದ ಪಡೆಯಲು ನನಗೆ ಒಂದು ವಾರ ಹಿಡಿಯಿತು. ಆ ವಾರದಲ್ಲಿ ನಾನಾಡಿದ ಒಂದು ಮಾತಿಗೆ ಅಪ್ಪ ನಮ್ಮ ಕಾಫಿ ಶೆಡ್ಡಿಗೆ ಬರುವುದನ್ನೇ ಬಿಟ್ಟ. ಅವನನ್ನು ಮತ್ತೆ ಅಲ್ಲಿಗೆ ಕರೆತರಲು ನಾಲ್ಕು ತಿಂಗಳು ಬೇಕಾಯಿತು.

ಯಶವಂತಪುರಕ್ಕೆ ಮೆಟ್ರೋ ಬಂದ ವರ್ಷ ಅದು. ಅದಕ್ಕೂ ಮೊದಲು ನಾನು ಕಾಫಿ ರಫ್ತು ಮಾಡುವವರೊಬ್ಬರ ಆಫೀಸಿನಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ಒಂದು ದಿನ ಯಜಮಾನರಿಗೂ ನನಗೂ ಮಾತಿಗೆ ಮಾತು ಬೆಳೆದು, ಬೀಗದ ಕೈ ಮೇಜಿನ ಮೇಲಿಟ್ಟು ಹೊರಗೆ ಬಂದೆ. ಕೋಪ ನಮ್ಮ ಮನೆಯ ಆಸ್ತಿ. ಅಲ್ಲಾಳಸಂದ್ರದ ಹೊಲವೆಲ್ಲ ಸೈಟುಗಳಾಗಿ ಕೈಬಿಟ್ಟು ಹೋದರೂ ಇದೊಂದು ಪಿತ್ರಾರ್ಜಿತ ಕೈಬಿಡಲಿಲ್ಲ. ಹೊರಗೆ ಬಂದವಳು ಯಶವಂತಪುರದ ಒಂದು ಗಲ್ಲಿಯಲ್ಲಿ ತಗಡಿನ ಶೆಡ್ ಹಿಡಿದೆ. ಬೀಜ ಆರಿಸಲು ಮತ್ತಿಕೆರೆ ಕಡೆಯಿಂದ ಆರು ಜನ ಹೆಂಗಸರನ್ನು ಕರೆದೆ. ಹಳೆಯ ಆಫೀಸಿನಲ್ಲಿದ್ದಾಗ ಪರಿಚಯವಾಗಿದ್ದ, ಹೊರದೇಶದಲ್ಲಿ ಸಣ್ಣ ಅಂಗಡಿ ಇಟ್ಟು ಕಾಫಿ ಹುರಿಯುವ ಒಬ್ಬಾತ ನನ್ನನ್ನು ನಂಬಿ ಎಂಬತ್ತು ಮೂಟೆ ಕೇಳಿದ. ಅದೇ ನನ್ನ ಮೊದಲ ಸರಕು. ಅದು ಸಮಯಕ್ಕೆ ಹಡಗು ಹತ್ತದಿದ್ದರೆ ಅವನು ಹಳೆಯ ಯಜಮಾನರ ಹತ್ತಿರ ಹೋಗುತ್ತಾನೆ, ಅವನ ಹಿಂದೆಯೇ ನಾನೂ ಜೋಲು ಮುಖ ಹೊತ್ತು ಅದೇ ಬಾಗಿಲಿಗೆ ಹೋಗಬೇಕು. ಇದು ನನಗೂ ಗೊತ್ತಿತ್ತು, ಶೆಡ್ಡಿನ ಹೆಂಗಸರಿಗೂ ಗೊತ್ತಿತ್ತು.

ಹಸಿರು ಕಾಫಿ ಬೀಜ ನೋಡಿದವರಿಗೆ ಮೊದಲು ಆಗುವುದು ನಿರಾಸೆ. ಮೂಗಿನ ಹತ್ತಿರ ಹಿಡಿದರೆ ಕಾಫಿಯ ಘಮವಿಲ್ಲ. ಒಣಹುಲ್ಲಿನ, ಹೊಸ ಗೋಣಿಚೀಲದ ವಾಸನೆ. ಬಣ್ಣ ಬೂದಿ ಕಲೆಸಿದ ಹಸಿರು. ಹುರಿಯದ ಬೀಜವಾದ್ದರಿಂದ ಹುಳ ಅದರಲ್ಲಿ ಕೂತು ಊರೂರು ದಾಟಬಹುದು. ಹಾಗಾಗಿ ತರಿಸಿಕೊಳ್ಳುವ ದೇಶ ಒಂದು ಕಾಗದ ಕೇಳುತ್ತದೆ. ಸಸ್ಯ ತಪಾಸಣೆಯ ಅಧಿಕಾರಿ ಬಂದು ಮೂಟೆಗಳನ್ನು ನೋಡಿ, ಹುಳವಿಲ್ಲ, ಮಣ್ಣಿಲ್ಲ, ರೋಗವಿಲ್ಲ ಎಂದು ಸಹಿ ಹಾಕಿ ಕೊಡುವ ಕಾಗದ. ಅದಿಲ್ಲದಿದ್ದರೆ ಎಂಥ ಕಾಫಿಯಾದರೂ ಆ ಕಡೆಯ ಬಂದರಿನಿಂದ ವಾಪಸ್ಸು.

ಅಪ್ಪನಿಗೆ ಆಗ ಎಪ್ಪತ್ತು. ಬೆಳಗ್ಗೆ ನನ್ನ ಜೊತೆಯೇ ಟಿಫನ್ ಬ್ಯಾಗ್ ಹಿಡಿದು ಹೊರಡುತ್ತಿದ್ದ. ಹೆಬ್ಬಾಳದಲ್ಲಿ ಬಸ್ ಬದಲಿಸಿ ಯಶವಂತಪುರ ಮುಟ್ಟಿ, ಶೆಡ್ಡಿನ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತರೆ ಸಂಜೆಯವರೆಗೂ ಅದೇ ಅವನ ಸಿಂಹಾಸನ. ರಾಗಿ ಒಣಗಿದೆಯೋ ಇಲ್ಲವೋ ಎಂದು ಹಲ್ಲಿನಲ್ಲಿ ಕಡಿದು ನೋಡುವ ಅಭ್ಯಾಸ ಅವನದು. ಹಾಗೇ ಕಾಫಿ ಬೀಜವನ್ನೂ ಕಡಿಯಲು ಹೋಗಿ ಇದ್ದ ಹಲ್ಲಿನ ತುದಿ ಮುರಿದುಕೊಂಡ. "ಕಲ್ಲು ಕಣವ್ವ ಇದು, ಇದನ್ಯಾರು ತಿಂತಾರೆ?" ಎಂದ. ಆರಿಸುವ ಹೆಂಗಸರಿಗೆಲ್ಲ ಸಲಹೆ ಕೊಡುತ್ತಿದ್ದ. ಅವರಿಗೆ ಅವನೆಂದರೆ ಇಷ್ಟ. ನನಗೂ ಇಷ್ಟವೇ, ಆದರೆ ಕೆಲಸದ ನಡುವೆ ಹತ್ತು ಸಲ ಕರೆದರೆ ಎಷ್ಟು ಇಷ್ಟವಿದ್ದೀತು? ಒಂದು ದಿನ ಕಂಪ್ಯೂಟರಿನ ಮುಂದಿನಿಂದಲೇ, ಅವನ ಕಡೆ ತಿರುಗದೆ ಹೇಳಿದೆ:

"ಅಪ್ಪ, ನಿಂಗೊಂದು ಕೆಲಸ. ಮೂಟೆಗೆ ಹುಳ ಬೀಳ್ದಂಗೆ ನೋಡ್ಕೋ. ಆ ಜವಾಬ್ದಾರಿ ಪೂರ್ತಿ ನಿಂದೇ."

ಅವನು ಮತ್ತೆ ಕರೆಯಲಿಲ್ಲ. ಸದ್ಯ ಎಂದುಕೊಂಡು ಅರ್ಜಿ ತುಂಬುವುದರಲ್ಲಿ ಮುಳುಗಿದೆ. ಹೇಳಿದ್ದನ್ನು ಅಲ್ಲೇ ಮರೆತೂಬಿಟ್ಟೆ.

ಮೂಟೆಗಳು ತುಂಬಿದವು, ಬಾಯಿ ಹೊಲಿದದ್ದಾಯಿತು. ಎಲ್ಲವನ್ನೂ ದಪ್ಪ ಹಾಳೆಯಡಿ ಮುಚ್ಚಿ, ಹುಳ ಸಾಯುವ ಗ್ಯಾಸು ಬಿಟ್ಟು, ಒಂದು ದಿನ ಬಿಟ್ಟು ತೆಗೆದದ್ದೂ ಆಯಿತು. ಬಂದರಿಗೆ ಹೋಗುವ ಲಾರಿ ಶನಿವಾರಕ್ಕೆ ಗೊತ್ತಾಗಿತ್ತು. ಸೋಮವಾರ ತಪಾಸಣೆಯ ಅಧಿಕಾರಿ ಬಂದರು. ಹೆಚ್ಚು ಮಾತಿನವರಲ್ಲ. ಅಲ್ಲೊಂದು ಇಲ್ಲೊಂದು ಮೂಟೆ ತೋರಿಸಿ, ಚೂಪು ಕೊಳವೆಯನ್ನು ಗೋಣಿಯೊಳಗೆ ಚುಚ್ಚಿ ಬೀಜ ಎಳೆದು, ಬಿಳಿ ತಟ್ಟೆಗೆ ಸುರಿದು, ಭೂತಗನ್ನಡಿ ಹಿಡಿದು ನೋಡತೊಡಗಿದರು. ಮೊದಲ ಎರಡು ಮೂಟೆ ಸರಿಹೋಯಿತು. ಮೂರನೆಯದರಲ್ಲಿ ಬೀಜದ ಜೊತೆ ಒಂದು ಒಣ ಎಲೆಯ ಚೂರು ಬಿತ್ತು. ನಾಲ್ಕನೆಯದರ ಹೊಲಿಗೆ ಬಿಚ್ಚಿಸಿದರು. ಮೇಲೆಯೇ ಒಂದು ಹಿಡಿ ಎಲೆ.

"ಇದೇನು ಮೇಡಂ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಸ್ಟೂಲಿನಿಂದ ಉತ್ತರ ಬಂತು. "ಬೇವು ಸ್ವಾಮಿ! ನಾನೇ ಆಕಿದ್ದು. ನೆಳ್ಳಲ್ಲಿ ಒಣಗ್ಸಿ ತಂದು ಎಂಬತ್ತಕ್ಕೂ ಆಕಿವ್ನಿ. ಒಂದ್ ಉಳ ಬಂದ್ರೆ ಕೇಳಿ!"

ಅಪ್ಪ ಎದ್ದು ನಿಂತಿದ್ದ. ಮುಖದಲ್ಲಿ ಬಹುಮಾನ ತೆಗೆದುಕೊಳ್ಳಲು ಬಂದವನ ಕಳೆ. ಅಲ್ಲಾಳಸಂದ್ರದ ನಮ್ಮ ಮನೆಯಲ್ಲಿ ಅವರೆಕಾಳಿನ ಡ್ರಮ್ಮಿಗೆ, ರಾಗಿಗೆ, ಬಿತ್ತನೆಯ ಗಂಟಿಗೆ ಬೇವು ಹಾಕದೆ ಮುಚ್ಚಳ ಮುಚ್ಚಿದವರೇ ಇಲ್ಲ. ಅವನ ಅಮ್ಮ ಹಾಕುತ್ತಿದ್ದಳು, ನನ್ನ ಅಮ್ಮ ಹಾಕುತ್ತಿದ್ದಳು, ಅಮ್ಮ ತೀರಿಕೊಂಡ ಮೇಲೆ ಅಪ್ಪ ಹಾಕುತ್ತಿದ್ದ. ಮನೆ ಪಕ್ಕದ ಮರದಿಂದ ಕಿತ್ತು, ಮಹಡಿಯ ನೆರಳಲ್ಲಿ ಒಣಗಿಸಿ, ದಿನವೂ ಟಿಫನ್ ಬ್ಯಾಗಿನಲ್ಲಿ ಇಷ್ಟಿಷ್ಟೇ ತಂದಿದ್ದಾನೆ. ಬೀಜಕ್ಕೆ ವಾಸನೆ ಹತ್ತೀತೆಂದು ಶೆಡ್ಡಿನಲ್ಲಿ ಊದಿನಕಡ್ಡಿ ಹಚ್ಚಲೂ ಬಿಡದ ನನ್ನ ಕಣ್ಣಿಗೇ ಇದು ಬಿದ್ದಿರಲಿಲ್ಲ.

ಅಧಿಕಾರಿ ನಗಲಿಲ್ಲ, ಗದರಲೂ ಇಲ್ಲ. "ಯಜಮಾನ್ರೇ, ನಮ್ಮನೇಲೂ ಹಾಕ್ತಾರೆ. ಮನೆಗಾದ್ರೆ ಒಳ್ಳೇದೇ. ಆದ್ರೆ ಈ ಕಾಗದದಲ್ಲಿ ನಾನು ಬರಿಯೋದು ಕಾಫಿ ಒಂದೇ. ಇನ್ನೊಂದು ಗಿಡದ ಎಲೆ ಅದ್ರಲ್ಲಿದ್ರೆ ಸೈನ್ ಹಾಕಕ್ಕಾಗಲ್ಲ" ಎಂದರು. ಮತ್ತೆ ನನ್ನ ಕಡೆ ತಿರುಗಿ, "ಎಲ್ಲಾ ಬಿಚ್ಚಿ ಕ್ಲೀನ್ ಮಾಡ್ಸಿ, ಮತ್ತೆ ಗ್ಯಾಸ್ ಕೊಡ್ಸಿ. ಶುಕ್ರವಾರ ರೆಡಿ ಇದ್ರೆ ಬರ್ತೀನಿ" ಎಂದು ತಟ್ಟೆ ಒರೆಸಿಕೊಳ್ಳತೊಡಗಿದರು.

ಅವರು ಹೊರಡುವವರೆಗಾದರೂ ಕಾಯಬಹುದಿತ್ತು. ಕಾಯಲಿಲ್ಲ.

"ಇದು ನಿನ್ನ ಅವರೆಕಾಯಿ ಹೊಲ ಅಲ್ಲ ಕಣಪ್ಪ! ನಿನ್ನನ್ಯಾರು ಕೇಳಿದ್ರು ಇದನ್ನೆಲ್ಲ ಮಾಡು ಅಂತ? ನನ್ನ ಹಾಳು ಮಾಡಕ್ಕೇ ಬರ್ತೀಯ ದಿನಾ? ನಾಳೆಯಿಂದ ಇಲ್ಲಿಗೆ ಕಾಲಿಡಬೇಡ."

ಆರು ಜನ ಹೆಂಗಸರು ಕೈಯಾಡಿಸುವುದನ್ನು ನಿಲ್ಲಿಸಿದರು. ಅಧಿಕಾರಿ ತಲೆ ತಗ್ಗಿಸಿ ಕೊಳವೆಯನ್ನು ಚೀಲಕ್ಕೆ ಹಾಕಿದರು. ಅಪ್ಪ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದ. ನಾನು ಇನ್ನೇನೋ ಹೇಳುತ್ತೇನೆಂದು ಕಾಯುತ್ತಿರುವವನ ಹಾಗೆ. ಆಮೇಲೆ ಸ್ಟೂಲಿನ ಕೆಳಗಿದ್ದ ಬ್ಯಾಗ್ ತೆಗೆದುಕೊಂಡು, ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟಾಪಿನ ಕಡೆ ನಡೆದ. ಊಟದ ಡಬ್ಬಿ ಬಿಚ್ಚಿರಲೇ ಇಲ್ಲ.

ಮಂಗಳವಾರ, ಬುಧವಾರ ಎಂಬತ್ತು ಮೂಟೆಯನ್ನೂ ಬಿಚ್ಚಿ ಟಾರ್ಪಾಲಿನ ಮೇಲೆ ಸುರಿದೆವು. ಒಣಗಿದ ಬೇವು ಮುಟ್ಟಿದರೆ ಪುಡಿ. ದೊಡ್ಡ ಎಲೆಯನ್ನು ಕೈಯಲ್ಲಿ ಆರಿಸಬಹುದು, ಪುಡಿಯನ್ನು ಮೊರದಲ್ಲಿ ಕೇರಿಯೇ ಹಾರಿಸಬೇಕು. ನಾನೂ ಸೆರಗು ಸಿಕ್ಕಿಸಿ ಕೂತೆ. ಕೇರಲು ಕೂತ ಮೇಲೆ ಗೊತ್ತಾಯಿತು, ಹೊಲದ ಮನೆಯಲ್ಲಿ ಹುಟ್ಟಿಯೂ ನನಗೆ ಮೊರ ಹಿಡಿಯಲು ಬರುವುದಿಲ್ಲ. ಬೀಜ ಮುಂದೆ ಹಾರುತ್ತಿತ್ತು, ಪುಡಿ ನನ್ನ ಮಡಿಲಿಗೆ ಬೀಳುತ್ತಿತ್ತು.

ಹೆಂಗಸರಲ್ಲಿ ಹಿರಿಯಳಾದವಳು ನನ್ನ ಕೈಯಿಂದ ಮೊರ ಕಿತ್ತುಕೊಂಡಳು. "ಬಿಡಮ್ಮ, ನಿಮ್ಮಪ್ಪ ಇದ್ದಿದ್ರೆ ಒಂದೇ ದಿನಕ್ಕೆ ಮುಗಿಸ್ತಿದ್ರು. ಹಿತ್ತಲ ಗಿಡ ಮದ್ದಲ್ಲ ಅಂತ ಕಳ್ಸಿಬಿಟ್ರಿ."

"ಮೂಟೆ ಹೊಲಿದೋರು ನೀವು. ಎಲೆ ಹಾಕ್ತಿದ್ರೆ ನೋಡ್ಕೊಂಡು ಸುಮ್ನಿದ್ರಲ್ಲ?" ಎಂದು ಅವಳ ಮೇಲೂ ಹರಿಹಾಯ್ದೆ.

ಅವಳು ಮೊರ ನಿಲ್ಲಿಸಲಿಲ್ಲ. "ನೀವೇ ಅಲ್ವೇನಮ್ಮ ಹೇಳಿದ್ದು, ಹುಳ ಬೀಳ್ದಂಗೆ ನೋಡ್ಕೋ, ಜವಾಬ್ದಾರಿ ನಿಂದೇ ಅಂತ? ನಾವು ಆರೂ ಜನ ಕೇಳಿಸ್ಕೊಂಡ್ವಿ. ಆ ವಯ್ಯ ಆವತ್ತಿಂದ ಕೂತಲ್ಲಿ ಕೂರ್ಲಿಲ್ಲ. ಒಂದೊಂದು ಮೂಟೆ ಬಾಯಿ ಹೊಲಿಯೋಕೂ ಮುಂಚೆ ಬಂದು ಹಾಕಿ ಹೋಗ್ತಿದ್ರು."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಹೇಳಿದವಳು ನಾನೇ. ಅಪ್ಪ ನನ್ನ ಮುಖ ನೋಡುತ್ತಾ ನಿಂತಿದ್ದು ಯಾಕೆಂದು ಆಗ ತಿಳಿಯಿತು. ಆದರೂ ಆ ದಿನ ಮನೆಗೆ ಹೋಗಿ ಅವನ ಮುಂದೆ ಕೂತು ಒಂದು ಮಾತು ಹೇಳಿದೆನೇ? ಇಲ್ಲ. ಲಾರಿ ಹತ್ತಿಸಿಬಿಡೋಣ, ಆಮೇಲೆ ಹೇಳೋಣ ಎಂದುಕೊಂಡೆ. ಇಂಥ ಆಮೇಲೆಗಳು ಸುಲಭವಾಗಿ ಬರುವುದಿಲ್ಲ.

ಗುರುವಾರ ಮತ್ತೆ ಗ್ಯಾಸು ಬಿಟ್ಟಾಯಿತು. ಶುಕ್ರವಾರ ಅಧಿಕಾರಿ ಹೇಳಿದ ಮಾತಿನಂತೆ ಬಂದರು. ಈ ಸಲ ಹೆಚ್ಚು ಮೂಟೆಗಳಿಗೆ ಕೊಳವೆ ಚುಚ್ಚಿದರು. ತಟ್ಟೆಯಲ್ಲಿ ಕಾಫಿ ಬಿಟ್ಟು ಏನೂ ಇರಲಿಲ್ಲ. ಕೈ ತೊಳೆದುಕೊಳ್ಳುತ್ತಾ, "ಯಜಮಾನ್ರು ಬಂದಿಲ್ವಾ?" ಎಂದು ಕೇಳಿದರು. "ಹುಷಾರಿಲ್ಲ" ಎಂದೆ. ಸಂಜೆ ಹೆಬ್ಬಾಳದ ಅವರ ಆಫೀಸಿಗೆ ಹೋಗಿ ಸಹಿ, ಸೀಲು ಬಿದ್ದ ಕಾಗದ ತಂದೆ. ಶನಿವಾರ ಲಾರಿ ಹೊರಟಿತು, ಹಡಗು ತಪ್ಪಲಿಲ್ಲ. ನಾನು ಯಾರ ಬಾಗಿಲಿಗೂ ಹೋಗಬೇಕಾಗಲಿಲ್ಲ.

ಆ ಕಾಗದದ ಪ್ರತಿಯನ್ನು ಮನೆಯಲ್ಲಿ ಅಪ್ಪನ ಮುಂದೆ ಹಿಡಿದೆ. ಅವನಿಗೆ ಇಂಗ್ಲಿಷ್ ಬರುವುದಿಲ್ಲ.

"ಏನಂತ ಬರ್ದವ್ರೆ?" ಎಂದ.

"ಹುಳ ಇಲ್ಲ ಅಂತ."

"ಹೂಂ. ನಾನೂ ಅದ್ಕೇ ಆಕಿದ್ದು" ಎಂದು ನೀರು ಕುಡಿಯಲು ಎದ್ದು ಹೋದ.

ಸೋಮವಾರ ಅವನು ಬ್ಯಾಗ್ ಹಿಡಿದು ಹೊರಡಲಿಲ್ಲ. ನಾನೂ ಅವನನ್ನು ಕರೆಯದೆ ಹೊರಟೆ. ವಾರ ಕಳೆದ ಮೇಲೆ, "ಶೆಡ್ಡಲ್ಲಿ ಎಲ್ರೂ ನಿನ್ನ ಕೇಳ್ತಾರಪ್ಪ" ಎಂದೆ. "ಬಿಸ್ಲು ಕಣವ್ವ" ಎಂದ. ಮಳೆ ಶುರುವಾದ ಮೇಲೆ ಇನ್ನೊಮ್ಮೆ ಕರೆದೆ. "ಮಳೆ ಕಣವ್ವ" ಎಂದ. ಬೆಳಗ್ಗೆ ಅಲ್ಲಾಳಸಂದ್ರದ ಕೆರೆ ಏರಿ ಮೇಲೆ ಕೂತು ಬರುತ್ತಿದ್ದ, ಮಧ್ಯಾಹ್ನ ಟಿವಿ ಮುಂದೆ ತೂಕಡಿಸುತ್ತಿದ್ದ. ಶೆಡ್ಡಿನಲ್ಲಿ ಎರಡನೆಯ ಸರಕು ತಯಾರಾಯಿತು, ಅದಕ್ಕೂ ಕಾಗದ ಸಿಕ್ಕಿತು. ಸ್ಟೂಲಿನ ಮೇಲೆ ಯಾರೋ ನೀರಿನ ಕ್ಯಾನ್ ಇಟ್ಟಿದ್ದರು.

ಶ್ರಾವಣದ ಒಂದು ಭಾನುವಾರ ಮುದ್ದೆಗೆ ಅವರೆಕಾಳು ಸಾರು ಮಾಡೋಣವೆಂದು ಡ್ರಮ್ಮಿನ ಮುಚ್ಚಳ ತೆಗೆದೆ. ಒಳಗಿನಿಂದ ಸಣ್ಣ ಹುಳಗಳು ಬುಳಬುಳನೆ ಎದ್ದವು. ಬೊಗಸೆಯಲ್ಲಿ ತೆಗೆದರೆ ಪ್ರತಿ ಕಾಳಿಗೂ ತೂತು, ಅಡಿಯಲ್ಲಿ ಹಿಟ್ಟು. ದೊಡ್ಡಬಳ್ಳಾಪುರದ ಕಡೆಯ ನೆಂಟರು ಕಳಿಸಿದ ಕಾಳು, ವರ್ಷಕ್ಕಾಗುವಷ್ಟಿತ್ತು. ಹುಟ್ಟಿದಾಗಿನಿಂದ ನಮ್ಮ ಮನೆಯ ಡ್ರಮ್ಮಿನಲ್ಲಿ ಇದನ್ನು ನೋಡಿದವಳಲ್ಲ. ಕೈ ಹಾಕಿ ಹುಡುಕಿದೆ. ಒಂದೇ ಒಂದು ಬೇವಿನ ಎಲೆಯೂ ಇರಲಿಲ್ಲ.

"ಅಪ್ಪ, ಇದಕ್ಕೆ ಸೊಪ್ಪು ಹಾಕಿರ್ಲಿಲ್ವಾ?"

ಅವನು ಬಾಗಿಲಲ್ಲಿ ನಿಂತು ಡ್ರಮ್ಮನ್ನೇ ನೋಡಿದ. "ಆಕಿದ್ದೆ. ಆಮೇಲೆ ತೆಗ್ದಾಕ್ಬುಟ್ಟೆ. ಆಪೀಸರ್ರು ಮನೆಗಾದ್ರೆ ಒಳ್ಳೇದು ಅಂದಿದ್ದು ನಂಗೆ ಬೇಜಾರಾಗ್ಬಾರ್ದು ಅಂತ. ಅಷ್ಟು ಓದ್ಕೊಂಡಿರೋ ನೀನೇ ತಪ್ಪು ಅಂದೆ. ನಮ್ಮವ್ವಂಗೇನ್ ಗೊತ್ತಿತ್ತು, ಇಂಗೇ ಯಾವ್ದೋ ಕಾಲ್ದಲ್ಲಿ ಆಕ್ತಿದ್ಲು ಅಂತ."

ಎಪ್ಪತ್ತು ವರ್ಷ ನಂಬಿದ್ದನ್ನು ನನ್ನ ಒಂದು ಮಾತಿಗೆ ಅವನು ಡ್ರಮ್ಮಿನಿಂದ ಎಲೆ ಎಲೆಯಾಗಿ ಆರಿಸಿ ತೆಗೆದಿದ್ದ. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಕಾಳು ಹೋಯಿತೆಂದು ಅಳುತ್ತಿದ್ದೇನೆಂದು ತಿಳಿದು, "ಓಗ್ಲಿ ಬುಡವ್ವ, ಅಂಗ್ಡೀಲಿ ತಂದ್ರಾಯ್ತು" ಎಂದ.

"ಕಾಳಿಗಲ್ಲ ಕಣಪ್ಪ. ಆವತ್ತು ಹುಳ ಬೀಳ್ದಂಗೆ ನೋಡ್ಕೋ ಅಂದೋಳು ನಾನೇ. ತಪ್ಪು ನಂದು, ಬೈಸ್ಕೊಂಡಿದ್ದು ನೀನು."

"ಗೊತ್ತು" ಎಂದ ಅಪ್ಪ. "ಆವತ್ತೇ ಏಳ್ತೀಯೇನೋ ಅಂತ ಕಾಯ್ತಾ ನಿಂತಿದ್ದೆ."

ಸಂಜೆ ಮಳೆ ಬಿಟ್ಟ ಮೇಲೆ ಇಬ್ಬರೂ ಪಕ್ಕದ ಮರದಿಂದ ಬೇವು ಕಿತ್ತು ತಂದೆವು. ಮಹಡಿಯೆಲ್ಲ ಒದ್ದೆಯಾಗಿದ್ದರಿಂದ ನಡುಮನೆಯಲ್ಲೇ ಹರಡಿ ಫ್ಯಾನ್ ಹಾಕಿದೆ. ಒಣಗಲು ನಾಲ್ಕು ದಿನ ಹಿಡಿಯಿತು. ಹೊಸ ಕಾಳು ಬಂದಾಗ ಡ್ರಮ್ಮಿಗೆ ನಾನೇ ಹಾಕಿದೆ, ಎಷ್ಟೆಂದು ಅವನು ಹೇಳಿದ.

ಮರುವಾರ ಸೋಮವಾರ ಅಪ್ಪ ಟಿಫನ್ ಬ್ಯಾಗ್ ಹಿಡಿದು ನನ್ನ ಜೊತೆ ಬಸ್ ಹತ್ತಿದ. ಶೆಡ್ಡಿನೊಳಗೆ ಕಾಲಿಡುವ ಮುಂಚೆ ಬಾಗಿಲಲ್ಲೇ ನಿಂತು ಬ್ಯಾಗಿನ ಬಾಯಿ ಅಗಲಿಸಿ ಹೆಂಗಸರಿಗೆಲ್ಲ ತೋರಿಸಿದ. ಆಮೇಲೆ ಅಂಗಿಯ ಎರಡೂ ಜೇಬುಗಳನ್ನು ಹೊರಗೆ ಎಳೆದು ಕೊಡವಿದ. "ನೋಡ್ಕಳ್ರವ್ವ, ಒಂದೆಲೆನೂ ಇಲ್ಲ" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಅಪ್ಪನೂ ನಕ್ಕ. ನನಗೆ ನಗಲಾಗಲಿಲ್ಲ. ಸ್ಟೂಲಿನ ಮೇಲಿದ್ದ ನೀರಿನ ಕ್ಯಾನ್ ಕೆಳಗಿಳಿಸಿ, ಸೆರಗಿನಿಂದ ಸ್ಟೂಲು ಒರೆಸಿ ಅವನ ಮುಂದಿಟ್ಟೆ.