ಚಿಗುರಿದ ಹಾಲುಗಂಬ

ಹೈದರಾಬಾದಿನ ಒಂದು ತುದಿಯಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ವರ್ಷಗಳವು. ಹೊರದೇಶದ ಒಂದು ಸಣ್ಣ ಕಣಜ ಹಾಲುವಾಣದ ಮರಗಳಿಗೆ ಗಂಟುಬಿದ್ದಿತ್ತು. ಅದು ಮೊಟ್ಟೆಯಿಟ್ಟ ಚಿಗುರು ಗಂಟುಗಂಟಾಗಿ ಊದಿ, ಕಡೆಗೆ ಮರವೇ ಒಣಗುತ್ತಿತ್ತು. ಸನತ್‌ನಗರದ ನಮ್ಮ ಕ್ವಾರ್ಟರ್ಸ್‌ನಲ್ಲಿ ಏಳು ಮರಗಳಿದ್ದವು. ಪ್ರತಿ ಭಾನುವಾರ ನಾವು ಹೆಂಗಸರು ಎಲೆ ತಿರುವಿ ನೋಡಿ, ಗಂಟು ಕಂಡ ಟೊಂಗೆ ಕಡಿದು ಸುಡುತ್ತಿದ್ದೆವು. ಹೊರಗಿನಿಂದ ಯಾರೂ ಒಂದು ಕಡ್ಡಿಯನ್ನೂ ತರಬಾರದೆಂದು ಕಟ್ಟುನಿಟ್ಟು ಮಾಡಿದವಳು ನಾನೇ. ಗುಲಾಬಿ ಕುಂಡ ತಂದ ಎದುರು ಮನೆಯಾಕೆಯನ್ನು ಗೇಟಿನಲ್ಲೇ ನಿಲ್ಲಿಸಿ ಬೈದಿದ್ದೆ; ಆಕೆ ಕೇಳದೆ ಕುಂಡವನ್ನು ಒಳಗೆ ಒಯ್ದಿದ್ದಳು.

ಮದುವೆ ಹಂದರದಲ್ಲಿ ಹಾಲುವಾಣದ ಕೊಂಬೆಯನ್ನು ಹಾಲುಗಂಬವಾಗಿ ನೆಡುವುದು ನಮ್ಮ ಪದ್ಧತಿ. ಮಗಳ ಮದುವೆಗೆ ನಮ್ಮ ಮರಗಳನ್ನು ಕಡಿಯಲು ಮನಸ್ಸಾಗದೆ, ಮೆಹದಿಪಟ್ಟಣಂನಿಂದ ತಮ್ಮನ ಕೈಲಿ ಕೊಂಬೆ ತರಿಸಿದೆ. ಅರಿಷಿಣ ಹಚ್ಚಿ ಕೈ ಮುಗಿದೆ. ದೇವರ ಕಂಬವನ್ನು ಯಾರಾದರೂ ತಿರುವಿ ನೋಡುತ್ತಾರೆಯೇ?

ಹಂದರ ಬಿಚ್ಚಿದರೂ ಕಂಬ ನಮ್ಮ ಮನೆ ಮುಂದೆಯೇ ಉಳಿಯಿತು. ತಿಂಗಳೊಳಗೆ ಪಕ್ಕದ ಮನೆಯಾಕೆ ಓಡಿ ಬಂದಳು. "ಅಕ್ಕಾರ, ಕಂಬ ಚಿಗಿತೈತ್ರಿ! ಮಗಳ ಬಾಳೇವು ಭಾಳ ಚಲೋ ಆಗತೈತಿ ನೋಡ್ರಿ." ನಾನು ಸಕ್ಕರೆ ಹಂಚಿದೆ.

ಮುಂದಿನ ಭಾನುವಾರ ಆ ಚಿಗುರಿನಲ್ಲಿ ಗಂಟುಗಳಿದ್ದವು. ಮಗಳ ಹಾಲುಗಂಬವನ್ನು ಹೇಗೆ ಸುಡಲಿ? ಊದಿದ ಎಲೆಗಳನ್ನಷ್ಟೇ ಚಿವುಟಿ, ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ.

ಏಳೂ ಮರಗಳು ಒಂದೊಂದಾಗಿ ಒಣಗಿದವು. ಕೊನೆಯದನ್ನು ಕಡಿಸಿದ ದಿನ ಪಕ್ಕದ ಮನೆಯಾಕೆ ಅತ್ತಳು. "ಇಷ್ಟು ಕಾದ್ವಿ, ಆದರೂ ಹುಳ ಎಲ್ಲಿಂದ ಬಂತ್ರಿ ಅಕ್ಕಾರ?"

ನಾನು ಎದುರು ಮನೆಯ ಗುಲಾಬಿ ಕುಂಡದ ಕಡೆ ಕೈ ತೋರಿಸಿದೆ.