ಹತ್ತು ಹೆಜ್ಜೆ ಮುಂದೆ

ನನ್ನ ಮೇಲೊಂದು ಆರೋಪವಿದೆ. ನಾನು ಹೆಂಡತಿಯ ಜೊತೆ ವಾಕಿಂಗ್ ಹೊರಡುತ್ತೇನೆ, ಆದರೆ ಹೆಂಡತಿಯ ಜೊತೆ ವಾಕಿಂಗ್ ಮಾಡುವುದಿಲ್ಲ. ಗೇಟಿನ ಚಿಲಕ ಹಾಕುವಾಗ ಇಬ್ಬರೂ ಒಟ್ಟಿಗೇ ಇರುತ್ತೇವೆ. ಮೂರನೇ ಮನೆಯ ಹತ್ತಿರ ನಾನು ಎರಡು ಹೆಜ್ಜೆ ಮುಂದೆ. ಹಾಲಿನ ಬೂತು ಬರುವ ಹೊತ್ತಿಗೆ ಹತ್ತು ಹೆಜ್ಜೆ. ಪಾರ್ಕಿನ ಬಾಗಿಲಲ್ಲಿ ನಿಂತು ತಿರುಗಿ ನೋಡಿದರೆ, ವಿಮಲ ನನಗೆ ಸಂಬಂಧವೇ ಇಲ್ಲದ ಯಾರೋ ಹೆಂಗಸಿನ ಹಾಗೆ ನಿಧಾನವಾಗಿ ಬರುತ್ತಿರುತ್ತಾಳೆ.

ನನ್ನ ಪರವಾಗಿಯೂ ಎರಡು ಮಾತು ಹೇಳಿಕೊಳ್ಳಬೇಕು. ಬಸವೇಶ್ವರನಗರದ ಫುಟ್‌ಪಾತನ್ನು ಗಂಡ ಹೆಂಡತಿ ಜೊತೆಯಾಗಿ ನಡೆಯಲಿ ಎಂದು ಯಾರೂ ಕಟ್ಟಿದ್ದಲ್ಲ. ಒಂದು ಕಡೆ ಟ್ರಾನ್ಸ್‌ಫಾರ್ಮರ್, ಇನ್ನೊಂದು ಕಡೆ ಯಾರದೋ ಮನೆಯ ಕಾರು ಹತ್ತಿಸುವ ಇಳಿಜಾರು, ಮಧ್ಯೆ ಅಲುಗಾಡುವ ಕಲ್ಲು. ಆ ಕಲ್ಲಿನ ಕೆಳಗೆ ನಿನ್ನೆಯ ಮಳೆನೀರು ಹೊಂಚು ಹಾಕಿ ಕೂತಿರುತ್ತದೆ. ಇಲ್ಲಿ ಒಬ್ಬರ ಹಿಂದೆ ಒಬ್ಬರು ಮಾತ್ರ ನಡೆಯಬಹುದು. ಹಾಗಾದ ಮೇಲೆ ಯಾರಾದರೂ ಒಬ್ಬರು ಮುಂದೆ ಇರಲೇಬೇಕಲ್ಲ? ಆ ಒಬ್ಬರು ಯಾವಾಗಲೂ ನಾನೇ ಯಾಕೆ ಎಂದು ನೀವು ಕೇಳಿದರೆ ಮಾತ್ರ ನನ್ನ ವಾದ ಕುಸಿಯುತ್ತದೆ.

ನಾನು ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಪಾಠ ಮಾಡಿ ಕಳೆದ ವರ್ಷ ರಿಟೈರ್ ಆದವನು. ಋತುಗಳ ಪಾಠವನ್ನು ನಿದ್ದೆಯಲ್ಲಿ ಎಬ್ಬಿಸಿದರೂ ಒಪ್ಪಿಸುತ್ತೇನೆ. ಆದರೆ ಶರದೃತುವನ್ನು ಕಣ್ಣಾರೆ ಕಂಡದ್ದು ರಿಟೈರ್ ಆದ ಮೇಲೆಯೇ. ತರಗತಿಯಲ್ಲಿ ಕಿಟಕಿ ಮಕ್ಕಳ ಪಕ್ಕಕ್ಕಿತ್ತು. ನನ್ನ ಪಾಲಿಗೆ ಬಂದದ್ದು ಬೋರ್ಡು. ಮಳೆಗಾಲ ಮುಗಿದ ಮೇಲೆ ಶರತ್ಕಾಲ ಬರುತ್ತದೆ, ಆಕಾಶ ತೊಳೆದಿಟ್ಟ ಹಾಗಿರುತ್ತದೆ ಎಂದು ಹೇಳಿಕೊಡುತ್ತಿದ್ದೆ. ನಮ್ಮ ಊರಿನ ಮಳೆಗೆ ಮುಗಿಯುವ ಅಭ್ಯಾಸವೇ ಇಲ್ಲ ಎಂಬುದು ಪಠ್ಯದಲ್ಲಿರಲಿಲ್ಲ. ಇಲ್ಲಿ ಶರತ್ಕಾಲ ಬಂದದ್ದು ಗೊತ್ತಾಗುವುದು ಮೇಲೆ ನೋಡಿದರೆ ಅಲ್ಲ, ಕೆಳಗೆ ನೋಡಿದರೆ. ದಸರಾ ಗೊಂಬೆಗಳು ಪೆಟ್ಟಿಗೆ ಸೇರುವ ಹೊತ್ತಿಗೆ ಫುಟ್‌ಪಾತಿನ ಮೇಲೆ ಆಕಾಶಮಲ್ಲಿಗೆ ಬಿದ್ದಿರುತ್ತದೆ, ಉದ್ದ ತೊಟ್ಟಿನ ಬಿಳಿ ಹೂ. ಅದನ್ನು ತುಳಿಯಬಾರದೆಂದು ದಾಟಿ ದಾಟಿ ಹೋಗುವಾಗ ನನ್ನ ನಡಿಗೆ ಇನ್ನಷ್ಟು ಬಿರುಸಾಗುತ್ತದೆ. ನೋಡಿ, ಇದೂ ಒಂದು ನೆಪ.

ಅಂಥ ಒಂದು ಬೆಳಿಗ್ಗೆ ನಡೆದ ಸಂಗತಿ ಇದು. ಎಂದಿನಂತೆ ಇಬ್ಬರೂ ಹೊರಟೆವು. ಪಾರ್ಕಿನ ಬಾಗಿಲಲ್ಲಿ ಪರಿಚಯದವರೊಬ್ಬರು ಸಿಕ್ಕಿ, ತಮ್ಮ ಬೀದಿಯಲ್ಲಿ ಯಾರೋ ಕಾರು ಹಿಂದಕ್ಕೆ ತೆಗೆಯುವಾಗಲೆಲ್ಲ ಅದು ಭಜನೆ ಮಾಡುತ್ತದೆ ಎಂದು ದೂರತೊಡಗಿದರು. ನಮ್ಮ ಬೀದಿಯಲ್ಲೂ ಅಂಥದೊಂದು ಕಾರಿದೆ. ಸಮಾನ ದುಃಖಿಗಳು ಸೇರಿದ ಮೇಲೆ ಕೇಳಬೇಕೆ? ಮಾತಾಡುತ್ತ ನಾಲ್ಕು ಸುತ್ತು ಹಾಕಿ ಮನೆಗೆ ಬಂದೆ. ವಿಮಲ ವರಾಂಡದಲ್ಲಿ ಕೂತು ಪೇಪರ್ ಓದುತ್ತಿದ್ದಳು. ಪಕ್ಕದಲ್ಲಿ ಕುಡಿದಿಟ್ಟ ಕಾಫಿ ಲೋಟ.

"ಅರೆ, ನೀನು ಯಾವಾಗ ಬಂದೆ?" ಎಂದೆ.

"ಹಾಲಿನ ಬೂತಿಂದಾನೇ ವಾಪಸ್ ಬಂದೆ," ಎಂದಳು. "ನೀವು ನೋಡ್ತೀರೇನೋ ಅಂತ ಐದು ನಿಮಿಷ ಅಲ್ಲೇ ನಿಂತಿದ್ದೆ. ನೋಡ್ಲಿಲ್ಲ."

ಮುಕ್ಕಾಲು ಗಂಟೆ ಹೆಂಡತಿ ಇಲ್ಲದೆ ಹೆಂಡತಿಯ ಜೊತೆ ವಾಕಿಂಗ್ ಮಾಡಿ ಬಂದಿದ್ದೆ. ಅವಳು ಪೇಪರ್ ಮಡಿಸಿ ಎದ್ದಳು. "ಇನ್ಮೇಲೆ ನೀವೇ ಹೋಗ್ಬನ್ನಿ. ನೀವೂ ನಿಮ್ಮಪ್ಪನ ಥರಾನೇ ಆಗ್ಬಿಟ್ರಿ."

ಬೇರೆ ಏನು ಅಂದಿದ್ದರೂ ಸಹಿಸುತ್ತಿದ್ದೆ. ಯಾಕೆಂದರೆ ಅಪ್ಪನ ಥರ ಆಗಬಾರದು ಎಂಬುದು, ಈ ಒಂದು ವಿಷಯದಲ್ಲಿ ಮಾತ್ರ, ನನ್ನ ಎಂಟನೇ ವಯಸ್ಸಿನ ಪ್ರತಿಜ್ಞೆ.

ಆಗ ನಾವಿದ್ದದ್ದು ಬಿನ್ನಿಪೇಟೆಯಲ್ಲಿ. ಅಪ್ಪನಿಗೆ ಅಲ್ಲಿನ ಬಟ್ಟೆ ಮಿಲ್ಲಿನಲ್ಲಿ ಗುಮಾಸ್ತರ ಕೆಲಸ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಪ್ಪ, ಅಮ್ಮ, ನಾನು ಮೂವರೂ ಹೊಸಹಳ್ಳಿಯಲ್ಲಿದ್ದ ದೊಡ್ಡಮ್ಮನ ಮನೆಗೆ ನಡೆದು ಹೋಗುತ್ತಿದ್ದೆವು. ತಂಗಿ ಇನ್ನೂ ಹುಟ್ಟಿರಲಿಲ್ಲ. ಮಾಗಡಿ ರಸ್ತೆಯುದ್ದಕ್ಕೂ ಅಪ್ಪ ಮುಂದೆ. ಬಿಳಿ ಪಂಚೆ, ಕಂಕುಳಲ್ಲಿ ಕೊಡೆ. ಹಿಂದೆ ಎಷ್ಟೋ ದೂರದಲ್ಲಿ ಅಮ್ಮ. ಅಪ್ಪ ಒಮ್ಮೆಯೂ ತಿರುಗಿ ನೋಡುತ್ತಿರಲಿಲ್ಲ. ಅಷ್ಟೇ ಅಲ್ಲ, ಅಮ್ಮ ಹತ್ತಿರ ಬಂದಳು ಅನ್ನುವಾಗಲೇ ಇನ್ನಷ್ಟು ಜೋರಾಗಿ ನಡೆಯುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಪಾಪ, ಅಮ್ಮ ಒಬ್ಬಳೇ ಎಂದು ಅಪ್ಪನ ಕೈ ಬಿಡಿಸಿಕೊಂಡು ಹಿಂದಕ್ಕೆ ಓಡುತ್ತಿದ್ದೆ. ಅವಳಿಗೆ ಬೇಜಾರಾಗದಿರಲಿ ಎಂದು ಶಾಲೆಯ ಕತೆ, ಹದಿನಾರರ ಮಗ್ಗಿ, ದೇಶಗಳ ರಾಜಧಾನಿ, ಏನು ಬಂತೋ ಅದನ್ನೆಲ್ಲ ಹೊಸಹಳ್ಳಿ ಬರುವವರೆಗೆ ಹೇಳುತ್ತಿದ್ದೆ. ಮುಂದೆ ಮೇಷ್ಟ್ರಾಗುವ ಲಕ್ಷಣ ಆಗಲೇ ಇತ್ತು. ಅಮ್ಮ "ಹೂಂ, ಹೂಂ" ಎನ್ನುತ್ತಿದ್ದಳು.

ಮದುವೆಯಲ್ಲಿ ಸಪ್ತಪದಿ ಎಂದು ಏಳು ಹೆಜ್ಜೆ ಇಡಿಸುತ್ತಾರಲ್ಲ, ಏಳನೇ ಹೆಜ್ಜೆಗೆ ಗಂಡ ಹೆಂಡತಿ ಸ್ನೇಹಿತರಾಗುತ್ತಾರಂತೆ. ಎಂಟನೇ ಹೆಜ್ಜೆಯಿಂದ ಯಾರು ಮುಂದೆ, ಯಾರು ಹಿಂದೆ ಎಂಬುದರ ಬಗ್ಗೆ ಶಾಸ್ತ್ರ ಮೌನವಾಗಿದೆ. ನಮ್ಮ ಭಾಷೆ ಮಾತ್ರ ಮೌನವಾಗಿಲ್ಲ. ಕಾಲಿನಿಂದ ನಡೆಯುವುದಕ್ಕೂ ನಡೆ ಅನ್ನುತ್ತೇವೆ, ಮನುಷ್ಯ ಬಾಳುವ ರೀತಿಗೂ ನಡೆ ಅನ್ನುತ್ತೇವೆ. ಅಪ್ಪನ ನಡೆ ಸರಿಯಿಲ್ಲ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಅವರು ತೀರಿಕೊಂಡು ಹನ್ನೆರಡು ವರ್ಷವಾದರೂ ಆ ತೀರ್ಮಾನ ಹಾಗೇ ಇತ್ತು.

ವಿಮಲ ಮೂರು ದಿನ ವಾಕಿಂಗಿಗೆ ಬರಲಿಲ್ಲ. ನಾನು ಒಬ್ಬನೇ ಹೋದೆ. ವಿಚಿತ್ರವೆಂದರೆ, ಹಿಂದೆ ಯಾರೂ ಇಲ್ಲದಿದ್ದಾಗ ಮುಂದೆ ಹೋಗುವುದಕ್ಕೆ ಹುರುಪೇ ಇರುವುದಿಲ್ಲ. ನಾಲ್ಕನೇ ದಿನ ಪಾರ್ಕಿಗೆ ಹೋಗದೆ ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆ. ಅಮ್ಮ ಅಲ್ಲಿ ನನ್ನ ತಂಗಿ ಪದ್ಮಳ ಮನೆಯಲ್ಲಿದ್ದಾಳೆ. ಎಂಬತ್ತೈದರ ಹತ್ತಿರ. ಕಿವಿ ಚುರುಕು, ನಾಲಿಗೆ ಇನ್ನೂ ಚುರುಕು. ಕಾಫಿ ಕುಡಿದು, ಆ ಮಾತು ಈ ಮಾತು ಆಡಿ, ಕೊನೆಗೆ ಕೇಳಿಯೇಬಿಟ್ಟೆ.

"ಅಮ್ಮ, ಹೊಸಹಳ್ಳಿಗೆ ಹೋಗುವಾಗ ಅಪ್ಪ ಯಾಕೆ ಯಾವಾಗ್ಲೂ ನಿನ್ನ ಹಿಂದೆ ಬಿಟ್ಟು ಹೋಗ್ತಿದ್ರು?"

ಅಮ್ಮ ನನ್ನ ಮುಖವನ್ನೇ ನೋಡಿದಳು. "ಅವರೆಲ್ಲಿ ಬಿಟ್ಟು ಹೋದ್ರು? ನಾನೇ ಕಳಿಸ್ತಿದ್ದೆ."

"ನೀನಾ?"

"ಹೂಂ ಕಣೋ. ಮೊದ್ಲು ಮೊದ್ಲು ಪಾಪ ನಿಂತ್ಕೊಂಡು ಕಾಯೋರು. ನೀವು ನಡೀತಾ ಇರಿ, ನಾನು ಬರ್ತೀನಿ ಅಂದೆ. ಬಿನ್ನಿಪೇಟೆ ಮನೇಲಿ ಅತ್ತೆ, ಮೈದುನ, ನಾದಿನಿ ಎಲ್ಲ ಸೇರಿ ಹನ್ನೊಂದು ಜನ. ಬಚ್ಚಲಿಗೆ ಹೋದ್ರೂ ಹೊರಗಡೆ ಒಬ್ರು ನಿಂತಿರೋರು. ಅದೆಲ್ಲಿಟ್ಟಿದೀಯ, ಇದೆಲ್ಲಿಟ್ಟಿದೀಯ ಅಂತ ಇಡೀ ದಿನ ಕೂಗೋರು. ವಾರಕ್ಕೊಂದ್ಸಲ ಆ ರೋಡಲ್ಲಿ ಮಾತ್ರ ನನ್ನ ಯಾರೂ ಏನೂ ಕೇಳ್ತಿರ್ಲಿಲ್ಲ. ಆಗ ಆ ಕಡೆ ಹೊಸ ಮನೆಗಳು ಏಳ್ತಿದ್ವು. ಈ ಮನೆ ನಂದಾದ್ರೆ ಒಲೆ ಎಲ್ಲಿಡ್ತೀನಿ, ಆ ಮನೆ ನಂದಾದ್ರೆ ತುಳಸಿಕಟ್ಟೆ ಎಲ್ಲಿ ಕಟ್ಟಿಸ್ತೀನಿ ಅಂತ ನೋಡ್ಕೊಂಡು ಬರ್ತಿದ್ದೆ. ಎಷ್ಟು ಚೆನ್ನಾಗಿರೋದು ಗೊತ್ತಾ?"

"ನೀನು ಹತ್ತಿರ ಬಂದ್ರೆ ಅವರು ಜೋರಾಗಿ ನಡೆಯೋರಲ್ಲಮ್ಮ?"

"ಮತ್ತೆ? ನಾನು ಏನೋ ಯೋಚ್ನೆ ಮಾಡ್ತಾ ಹತ್ತಿರ ಬಂದ್ಬಿಟ್ರೆ ಅವರೇ ಬಿರುಸಾಗಿ ಮುಂದಕ್ಕೆ ಹೋಗೋರು. ತಿರುಗಿಯೂ ನೋಡ್ತಿರ್ಲಿಲ್ಲ. ನೋಡಿದ್ರೆ ನಾನು ಅವಸರ ಮಾಡ್ತೀನಿ ಅಂತ."

ಆಮೇಲೆ ಆ ಇಡೀ ಕತೆಯಲ್ಲಿ ನನ್ನ ಪಾಲಿನದೊಂದು ಒಳ್ಳೆಯ ಕೆಲಸವಿದೆಯಲ್ಲ ಎಂದು ನೆನಪಾಗಿ, "ನಾನು ಮಾತ್ರ ನಿನ್ನ ಜೊತೇಲೇ ಇರ್ತಿದ್ದೆ, ಅಲ್ವಾ?" ಎಂದೆ.

"ಇರ್ತಿದ್ದೆ," ಎಂದಳು ಅಮ್ಮ. "ಅದೊಂದೇ ಕಷ್ಟ."

ಪದ್ಮ ಅಡುಗೆಮನೆಯಿಂದಲೇ ಜೋರಾಗಿ ನಕ್ಕಳು. ಅಮ್ಮನಿಗೆ ಕನಿಕರ ಬಂದಿರಬೇಕು. "ಇರ್ಲಿ ಬಿಡು, ಆಗ ನೀನಿನ್ನೂ ಚಿಕ್ಕವನು. ಹದಿನಾರರ ಮಗ್ಗಿ ಮಾತ್ರ ನನಗೆ ಇವತ್ತಿಗೂ ಬರುತ್ತೆ ನೋಡು," ಎಂದು ನನ್ನ ಮೊಣಕಾಲು ತಟ್ಟಿದಳು.

ವಾಪಸ್ ಬರುವಾಗ ಮೆಟ್ರೋದಲ್ಲಿ ಸೀಟು ಖಾಲಿ ಇದ್ದರೂ ಕೂರಬೇಕು ಅನ್ನಿಸಲಿಲ್ಲ. ಕಂಬ ಹಿಡಿದು ನಿಂತೆ. ಅಪ್ಪ ಇದ್ದಷ್ಟು ದಿನ ಒಂದು ಸಲ ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಕೇಳುವುದೇನಿದೆ, ಕಣ್ಣಿಗೆ ಕಾಣುತ್ತದಲ್ಲ ಎಂದುಕೊಂಡಿದ್ದೆ. ಭೂಮಿ ಚಪ್ಪಟೆಯಾಗಿ ಕಾಣುತ್ತದೆ, ಆದರೆ ಚಪ್ಪಟೆಯಲ್ಲ ಎಂದು ಮಕ್ಕಳಿಗೆ ವರ್ಷವರ್ಷವೂ ಹೇಳಿಕೊಟ್ಟ ಮೇಷ್ಟ್ರು ನಾನು. ಮನೆಯ ಜನರ ವಿಷಯಕ್ಕೆ ಬಂದರೆ ಕಂಡದ್ದನ್ನೇ ನಂಬಿದ್ದೆ. ಅಪ್ಪ ಎಂಥ ಮನುಷ್ಯರಾಗಿದ್ದರು ಎಂದು ಅವತ್ತು ಮೊದಲ ಬಾರಿಗೆ ಕುತೂಹಲ ಹುಟ್ಟಿತು. ಕಣ್ಣು ಒದ್ದೆಯಾಯಿತು. ಪಕ್ಕದಲ್ಲಿದ್ದ ಹುಡುಗಿ "ಕೂತ್ಕೊಳ್ಳಿ ಅಂಕಲ್" ಎಂದು ಜಾಗ ತೋರಿಸಿದಳು.

ಮನುಷ್ಯನಿಗೆ ಜ್ಞಾನೋದಯವಾದಾಗ ಬಹಳ ಎಚ್ಚರವಾಗಿರಬೇಕು. ನಾನು ಮನೆಗೆ ಬಂದದ್ದೇ ವಿಮಲಳ ಮುಂದೆ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಕೊನೆಗೆ, "ನನಗೀಗ ಅರ್ಥ ಆಯ್ತು. ಹೆಂಗಸರಿಗೆ ಒಬ್ಬರೇ ಇರೋಕೆ ಸ್ವಲ್ಪ ಜಾಗ ಬೇಕು. ನಾಳೆಯಿಂದ ನಾನು ಇಪ್ಪತ್ತು ಹೆಜ್ಜೆ ಮುಂದೆ ಹೋಗ್ತೀನಿ, ನೀನು ಆರಾಮಾಗಿ ಬಾ," ಎಂದೆ.

ವಿಮಲ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನಮ್ಮನೇಲಿ ಹನ್ನೊಂದು ಜನ ಎಲ್ಲಿದ್ರು?" ಎಂದಳು. "ನಾವಿಬ್ರು, ಮಗಳೊಬ್ಬಳು. ಅವಳೂ ಸ್ಕೂಲಿಗೆ, ನೀವೂ ಸ್ಕೂಲಿಗೆ. ಸಾಯಂಕಾಲ ಬಂದು, ಇಡೀ ದಿನ ಪಾಠ ಮಾಡಿ ಗಂಟಲು ನೋವು ಅಂತ ಪೇಪರ್ ಹಿಡ್ಕೊಂಡು ಕೂತ್ಕೊಳ್ಳೋರು. ಸರಿ, ಗಂಟಲಿಗೆ ರೆಸ್ಟ್ ಬೇಕು ಅಂತ ನಾನೂ ಸುಮ್ನಿದ್ದೆ. ಈಗ ಮಗಳೂ ಮದುವೆಯಾಗಿ ಹೋದ್ಲು. ಒಬ್ಬಳೇ ಇರೋದು ನನಗೆ ಬೇಕಾದಷ್ಟು ಸಿಕ್ಕಿದೆ. ರಿಟೈರ್ ಆದ್ಮೇಲೆ ಇವರು ಮಾತಾಡ್ತಾರೆ ಅಂದ್ಕೊಂಡಿದ್ದೆ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಎಂದೋ ಯೋಚಿಸಿ ಮುಗಿಸಿ ಮಡಿಸಿಟ್ಟ ಮಾತು ಅದು. ಅಮ್ಮನಿಗೆ ಕೊಡಬೇಕಿದ್ದ ಮೌನವನ್ನೆಲ್ಲ ನಾನು ಹೆಂಡತಿಗೆ ಕೊಟ್ಟಿದ್ದೆ. ಹೆಂಡತಿಗೆ ಸಲ್ಲಬೇಕಿದ್ದ ಮಾತನ್ನು ಅಮ್ಮನ ಕಿವಿಗೆ ತುಂಬಿದ್ದೆ. ವಿಳಾಸ ತಪ್ಪಿದ ಅಂಚೆ. ಕ್ಷಮಿಸು ಎನ್ನಬೇಕು ಅನ್ನಿಸಿತು. ಅವಳೆದುರು ನೆಲದ ಮೇಲೆ ಕೂತು ನಾನೂ ಒಂದು ಕಟ್ಟು ಸೊಪ್ಪು ತೆಗೆದುಕೊಂಡೆ.

ಸ್ವಲ್ಪ ಹೊತ್ತಿನ ಮೇಲೆ ಅವಳು, "ಕಡ್ಡಿ ಸೇರಿಸ್ತಾ ಇದೀರಿ," ಎಂದಳು.

"ನಾಳೆ ಬರ್ತೀಯಾ?" ಎಂದೆ.

"ನೋಡೋಣ."

ಬಂದಳು. ಜೊತೆಯಲ್ಲಿ ನಡೆಯುವುದು ಇಷ್ಟು ಕಷ್ಟದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಕಾಲುಗಳು ಹಗ್ಗ ಕಟ್ಟಿದ ಕರುವಿನ ಹಾಗೆ ಎಳೆಯುತ್ತಿದ್ದವು. ಫುಟ್‌ಪಾತ್ ಬಿಟ್ಟು ರಸ್ತೆಗಿಳಿದೆವು; ಸ್ಕೂಟರಿನವರಿಂದ ಬೈಸಿಕೊಂಡೆವು. ಮೂರನೇ ಮನೆಯ ಹತ್ತಿರ ಅವಳು ನಿಂತಳು. ಆ ಮನೆಯ ಅಜ್ಜಿ ಪ್ರತಿದಿನ ಕಿಟಕಿಯಲ್ಲಿ ನಿಂತು ಅಳಿಲಿಗೆ ಕಡಲೆಬೀಜ ಇಡುತ್ತಾರಂತೆ. ಅಳಿಲು ಬರುವುದು ತಡವಾದರೆ ಬೈಯುತ್ತಾರಂತೆ. ಮುಂದಿನ ತಿರುವಿನ ನೀಲಿ ಗೇಟಿನ ಮನೆಯಲ್ಲಿ ಯಾರೋ ಹೊಸದಾಗಿ ವೀಣೆ ಕಲಿಯುತ್ತಿದ್ದಾರಂತೆ. ಎರಡು ತಿಂಗಳಿಂದ ಒಂದೇ ಸಾಲು, ಈಗೀಗ ಸರಿಯಾಗಿ ಬರುತ್ತಿದೆಯಂತೆ. ನಿಂತು ಕೇಳಿದೆವು. ಹೌದು, ಸರಿಯಾಗಿ ಬರುತ್ತಿತ್ತು.

"ಇದನ್ನೆಲ್ಲ ನೀನು ಯಾವಾಗ ನೋಡಿದೆ?" ಎಂದು ಕೇಳಿದೆ.

"ನೀವು ಮುಂದೆ ಹೋಗ್ತಿದ್ರಲ್ಲ, ಆವಾಗ."

ನಾನೇನು ಕಡಿಮೆಯೇ? ಮೂವತ್ತು ವರ್ಷದ ಬಾಕಿ ಮಾತಿತ್ತು. ಮರುದಿನದಿಂದ ನಾನೂ ಶುರು ಮಾಡಿದೆ. ಆಕಾಶಮಲ್ಲಿಗೆ ಮರ ಬೇರೆ ಸೀಮೆಯಿಂದ ಬಂದದ್ದು ಹೇಗೆ, ಈ ತಿಂಗಳಲ್ಲಿ ಗಾಳಿ ದಿಕ್ಕು ಬದಲಿಸುವುದು ಯಾಕೆ, ಬಸವೇಶ್ವರನಗರದ ನೀರು ಇಳಿದು ಯಾವ ಕಡೆಗೆ ಹರಿಯುತ್ತದೆ. ವಿಮಲ ಆಸಕ್ತಿಯಿಂದ ಕೇಳಿದಳು. ಪ್ರಶ್ನೆಯನ್ನೂ ಕೇಳಿದಳು. ನಾಲ್ಕನೇ ದಿನ ಹಿಂಗಾರು ಮಳೆಯ ಬಗ್ಗೆ ಹೇಳುತ್ತ ಹಾಲಿನ ಬೂತು ದಾಟಿದ್ದೆವು. ಇನ್ನೂ ಬಂಗಾಳ ಕೊಲ್ಲಿಯಲ್ಲೇ ಇದ್ದೆ. ಅವಳು ನನ್ನ ತೋಳು ಮುಟ್ಟಿದಳು.

"ರೀ, ಒಂಚೂರು ಮುಂದೆ ನಡೀತಾ ಇರಿ. ನಾನು ಬರ್ತೀನಿ."

ಮುಂದೆ ನಡೆದೆ. ಹಿಂದೆ ಅವಳ ಹೆಜ್ಜೆ ಕೇಳುತ್ತಿತ್ತು, ನಡುನಡುವೆ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ತಿರುಗಿ ನೋಡಬೇಕು ಅನ್ನಿಸಿದರೂ ನೋಡಲಿಲ್ಲ. ಪಾರ್ಕಿನ ಬಾಗಿಲಲ್ಲಿ ನಿಂತೆ. ಅವಳು ಬಂದು ಪಕ್ಕ ಸೇರುವ ಹೊತ್ತಿಗೆ ಹಿಂಗಾರು ಮಳೆಯನ್ನು ಎರಡು ವಾಕ್ಯಕ್ಕೆ ಇಳಿಸಿಕೊಂಡಿದ್ದೆ.