ಮೂರನೇ ಕೂಗು

ಕೋರ್ಟಿನ ಜವಾನ ಮೂರನೇ ಸಲ "ಪಾರವ್ವಾ" ಎಂದು ಕೂಗಿದಾಗ ನನ್ನ ಪೆನ್ನು ನಿಂತಿತು. ಹೊಲದ ದಾವೆಗಾಗಿ ಹಂಸಭಾವಿಯಿಂದ ಹಿರೇಕೆರೂರಿಗೆ ಬಂದಿದ್ದ ಪಾರವ್ವ ನನ್ನೆದುರೇ ಕೂತಿದ್ದಳು. ಎಂಬತ್ತರ ದಶಕವದು. ಕಾನೂನು, ಸಮಾಜಶಾಸ್ತ್ರ ಓದುತ್ತಿದ್ದ ನಾವು ಕೆಲವರು, ಬಡವರಿಗೆ ನ್ಯಾಯ ಏಕೆ ತಡವಾಗುತ್ತದೆಂದು ತಿಳಿಯಲು ನಾವೇ ಬರೆದ ಪ್ರಶ್ನಾವಳಿ ಹಿಡಿದು ಕೋರ್ಟಿನ ಅಂಗಳದಲ್ಲಿ ಕೂತಿದ್ದೆವು.

"ಕೂಗಿದ್ದು ಕೇಳಿಸ್ಲಿಲ್ಲೇನ ಯವ್ವಾ?" ಎಂದೆ ಗಾಬರಿಯಿಂದ.

"ಕೇಳಿಸ್ತ್ರಿ. ವಿಚಾರಣಿ ನೀವ ಮಾಡಾಕತ್ತೀರಲ್ರಿ ಸಾಹೇಬ್ರ, ನಡುವ ಹೆಂಗ ಎದ್ದು ಹೋಗ್ಲಿ?"

ಅವಳ ಕೈ ಹಿಡಿದು ಓಡಿದೆ. ಬಾಗಿಲು ಮುಟ್ಟುವಷ್ಟರಲ್ಲಿ ಬೇರೆ ಹೆಸರು ಕೂಗಿದ್ದರು. ದಾವೆ ವಜಾ ಆಯಿತೇನೋ ಎಂದು ಹೆದರಿ ಒಳಗೆ ನುಗ್ಗಿದೆ. ಅವಳ ವಕೀಲರು ಬೇಡಿಕೊಂಡ ಮೇಲೆ ಬೇರೆ ತಾರೀಖು ಸಿಕ್ಕಿತು, ಮೂರು ತಿಂಗಳ ನಂತರದ್ದು.

ಪ್ರಶ್ನಾವಳಿಯ ಕೊನೆಯಲ್ಲಿ 'ತಡವಾಗಲು ಯಾರು ಕಾರಣ?' ಎಂದಿತ್ತು. ಪಾರವ್ವನ ಹಾಳೆಯಲ್ಲಿ ನನ್ನ ಹೆಸರು ಬರೆದೆ.